ಚಪ್ಪಲಿ ಸೈಜ್ ದೊಡ್ಡದಾಗ್ತಿದೆಯಾ? ಪಿಟ್ಯುಟರಿ ಗಡ್ಡೆ ಇರಬಹುದು. ಆಪರೇಷನ್ ಆದ್ರೂ ಮಾತ್ರೆ ಬಿಡುವಂತಿಲ್ಲ

ನಲವತ್ತು ದಾಟಿದ ಮೇಲೆ ಯಾರ ಕಾಲೂ ಬೆಳೆಯಲ್ಲ. ಆದರೂ 7 ನಂಬರ್ ಚಪ್ಪಲಿ ಹಾಕುತ್ತಿದ್ದವರಿಗೆ 9 ಬೇಕಾದರೆ, ಮದುವೆ ಉಂಗುರ ಬೆರಳಿನಿಂದ ಬರದೇ ಹೋದರೆ, ದವಡೆ ಮುಂದೆ ಬಂದು ಹಲ್ಲುಗಳ ನಡುವೆ ಸಂದು ಬಿಟ್ಟರೆ ‘ವಯಸ್ಸಾಯ್ತು, ಮೈ ಬಂತು’ ಅಂತ ಸುಮ್ಮನಾಗಬಾರದು.

ಮೆದುಳಿನ ಬುಡದಲ್ಲಿ, ಮೂಗಿನ ಹಿಂಭಾಗಕ್ಕೆ, ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇದೆ. ಅಲ್ಲಿ ಗಡ್ಡೆಯಾಗಿ ಬೆಳವಣಿಗೆಯ ಹಾರ್ಮೋನು ಅತಿಯಾದರೆ ಹೀಗಾಗುತ್ತೆ. ವೈದ್ಯರು ಇದನ್ನು ಅಕ್ರೋಮೆಗಲಿ ಅಂತಾರೆ. ಎಳೆ ವಯಸ್ಸಿನಲ್ಲೇ ಶುರುವಾದರೆ ಎತ್ತರವೂ ವಿಪರೀತ. ಕುಸ್ತಿಪಟು ದಿ ಗ್ರೇಟ್ ಖಲಿ 2012ರಲ್ಲಿ ಅಮೆರಿಕದಲ್ಲಿ ಮಾಡಿಸಿಕೊಂಡದ್ದು ಇದೇ ಗ್ರಂಥಿಯ ಗಡ್ಡೆಯ ಆಪರೇಷನ್.

ಗಡ್ಡೆ ಅಂದ ಕೂಡಲೇ ಕ್ಯಾನ್ಸರ್ ಅಂತ ಗಾಬರಿ ಬೇಡ. ಇವುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ತೊಂದರೆ ಇರೋದು ಜಾಗದ್ದು. ಗ್ರಂಥಿಯ ಮೇಲೆಯೇ ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುತ್ತವೆ. ಗಡ್ಡೆ ಅವನ್ನು ಒತ್ತಿದರೆ ಎದುರಿನದು ಕಾಣುತ್ತೆ, ಪಕ್ಕದ್ದು ಕಾಣಲ್ಲ. ಬೈಕ್ ಓಡಿಸುವಾಗ ಪಕ್ಕದಿಂದ ಬಂದ ಗಾಡಿ ಗೊತ್ತಾಗದು, ಬಾಗಿಲಿಗೆ ಭುಜ ತಾಗುತ್ತೆ. ಕನ್ನಡಕ ಬದಲಾಯಿಸಿದರೆ ಇದು ಸರಿಹೋಗಲ್ಲ.

ಎಲ್ಲ ಗಡ್ಡೆಗೂ ಕತ್ತರಿ ಬೇಕಿಲ್ಲ. ಪ್ರೊಲ್ಯಾಕ್ಟಿನ್ ಹಾರ್ಮೋನು ಸುರಿಸುವ ಗಡ್ಡೆ ಹೆಚ್ಚಾಗಿ ಕ್ಯಾಬರ್ಗೋಲಿನ್ ಮಾತ್ರೆಗೇ ಕುಗ್ಗುತ್ತದೆ. ಅದೂ ವಾರಕ್ಕೆ ಒಂದೆರಡು ಸಲ ನುಂಗಿದರೆ ಸಾಕು. ಮಗು ಇಲ್ಲದಿದ್ದರೂ ಎದೆಹಾಲು ಬರುವುದು, ಮುಟ್ಟು ನಿಲ್ಲುವುದು ಇದರ ಲಕ್ಷಣ. ಗಂಡಸರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತೆ. ಹೇಳಿಕೊಳ್ಳಲು ನಾಚಿಕೆ, ಹಾಗಾಗಿ ಗಂಡಸರಲ್ಲಿ ಪತ್ತೆಯಾಗುವಾಗ ಗಡ್ಡೆ ದೊಡ್ಡದಾಗಿರುತ್ತೆ. ಉಳಿದವಕ್ಕೆ ಸಾಮಾನ್ಯವಾಗಿ ಮೂಗಿನ ಮೂಲಕವೇ ದುರ್ಬೀನು ಹಾಕಿ ಆಪರೇಷನ್ ಮಾಡ್ತಾರೆ. ತಲೆಬುರುಡೆ ತೆರೆಯುವುದು ಕಡಿಮೆ. ಪೂರ್ತಿ ತೆಗೆಯಲು ಆಗದಿದ್ದರೆ ರೇಡಿಯೇಷನ್. ಅದರ ಅಡ್ಡಪರಿಣಾಮ ತಕ್ಷಣ ಕಾಣಲ್ಲ, ಎಷ್ಟೋ ವರ್ಷದ ನಂತರ ಗ್ರಂಥಿಯ ಕೆಲಸ ಕುಂದಬಹುದು.

ಎಡವಟ್ಟಾಗೋದು ಮನೆಗೆ ಬಂದ ಮೇಲೆ. ಗಡ್ಡೆಯಿಂದಲೋ ಚಿಕಿತ್ಸೆಯಿಂದಲೋ ಗ್ರಂಥಿ ಸೊರಗಿದರೆ, ಜೀವಕ್ಕೆ ಬೇಕೇ ಬೇಕಾದ ಕಾರ್ಟಿಸೋಲ್ ದೇಹದಲ್ಲಿ ತಯಾರಾಗಲ್ಲ. ಅದಕ್ಕೇ ಹೈಡ್ರೋಕಾರ್ಟಿಸೋನ್‌ನಂಥ ಮಾತ್ರೆ ದಿನಾ ಕೊಡೋದು. ‘ಅಯ್ಯೋ, ಅದು ಸ್ಟೀರಾಯ್ಡ್, ಕಿಡ್ನಿ ಹೋಗುತ್ತೆ’ ಅಂತ ಪಕ್ಕದ ಮನೆಯವರು ಹೇಳಿದ್ದನ್ನು ಕೇಳಿ ನಿಲ್ಲಿಸಿದರೆ ಬಿಪಿ ಕುಸಿದು ಪ್ರಾಣಕ್ಕೇ ಸಂಚಕಾರ. ಇಲ್ಲದ್ದನ್ನು ತುಂಬುವ ಔಷಧಿ ಇದು. ಜ್ವರ ಬಂದಾಗ, ಹಲ್ಲು ಕೀಳಿಸುವಾಗ ಡೋಸ್ ಎಷ್ಟು ಏರಿಸಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯುವಂತಿಲ್ಲ, ಇಂಜೆಕ್ಷನ್‌ಗೆ ಆಸ್ಪತ್ರೆಗೆ ಓಡಬೇಕು. ‘ನಾನು ಸ್ಟೀರಾಯ್ಡ್ ಮೇಲಿದ್ದೇನೆ’ ಎಂಬ ಚೀಟಿ ಜೇಬಲ್ಲಿರಲಿ.

ಥೈರಾಯ್ಡ್ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಇವರಿಗೆ ಬರೀ ಟಿಎಸ್‌ಎಚ್ ರಿಪೋರ್ಟ್ ನೋಡಿ ನಾರ್ಮಲ್ ಅನ್ನುವಂತಿಲ್ಲ, ಫ್ರೀ ಟಿ4 ನೋಡಲೇಬೇಕು. ವಿಪರೀತ ಬಾಯಾರಿಕೆ, ಗಂಟೆಗೊಮ್ಮೆ ಮೂತ್ರ ಅಂದರೆ ಎಲ್ಲ ಸಲವೂ ಶುಗರ್ರೇ ಆಗಿರಲ್ಲ; ನೀರು ಹಿಡಿದಿಡುವ ಹಾರ್ಮೋನಿನ ಕೊರತೆ ಇರಬಹುದು, ಅದಕ್ಕೂ ಔಷಧಿ ಇದೆ.

ಅಕ್ರೋಮೆಗಲಿ ಆದವರ ಮೈ ಊತ ಇಳಿಯುತ್ತೆ, ಬೆಳೆದ ಮೂಳೆ ವಾಪಸ್ ಹೋಗಲ್ಲ. ಕೀಲುನೋವು ಉಳಿಯಬಹುದು. ಬಿಪಿ, ಶುಗರ್, ಗೊರಕೆ ಮೇಲೆ ನಿಗಾ ಬೇಕು. ಗಡ್ಡೆ ಮರುಕಳಿಸುವ ಸಾಧ್ಯತೆ ಇರುವುದರಿಂದ ಎಂಆರ್‌ಐ ತಪ್ಪಿಸುವ ಹಾಗಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ತಮ್ಮ ಚಿಕಿತ್ಸೆ ಅದರಲ್ಲಿ ಬರುತ್ತಾ, ರೆಫರಲ್ ಪತ್ರ ಬೇಕಾ ಅಂತ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ. ಹೈಡ್ರೋಕಾರ್ಟಿಸೋನ್ ಮಾತ್ರೆ ಎಲ್ಲ ಮೆಡಿಕಲ್‌ನಲ್ಲೂ ಇರಲ್ಲ. ಪಟ್ಟಿ ಖಾಲಿಯಾಗುವ ವಾರ ಮುಂಚೆಯೇ ಅಂಗಡಿಯವರಿಗೆ ಹೇಳಿ ತರಿಸಿಟ್ಟುಕೊಳ್ಳಿ.