ಗದ್ದುಗೆಗೆ ಕೂರಿಸಿದವನ ತಲೆಯೇ ಹೋಯ್ತು: ಒಂದು ಕುಟುಂಬ ಸರ್ಕಾರದ ಕಥೆ

'ಔಟ್‌ಲ್ಯಾಂಡರ್' ಸರಣಿ ನೋಡಿದವರಿಗೆ ಅದರಲ್ಲಿನ ದೊಡ್ಡ ಕಲ್ಲಿನ ಕೋಟೆ ನೆನಪಿರುತ್ತೆ. ಅದು ಸ್ಕಾಟ್ಲೆಂಡಿನ ಡೂನ್ ಕೋಟೆ. 14ನೇ ಶತಮಾನದ ಕೊನೆಯಲ್ಲಿ ಅದನ್ನು ಕಟ್ಟಿಸಿದವನು ರಾಬರ್ಟ್ ಸ್ಟೂವರ್ಟ್, ಆಲ್ಬನಿಯ ಡ್ಯೂಕ್. ರಾಜನ ಮಗ, ರಾಜನ ತಮ್ಮ, ಆದರೆ ತಾನೆಂದೂ ರಾಜನಾಗಲಿಲ್ಲ. ಆದರೂ ದೇಶ ಆಳಿದ. ಅವನ ಮಗ ಮರ್ಡಾಕ್ ಅದರ ಬೆಲೆ ತೆತ್ತ.

ಮಗನಿಗೆ ಬಿಡುಗಡೆ, ರಾಜನಿಗೆ ಸೆರೆ

1402ರ ಹೋಮಿಲ್ಡನ್ ಹಿಲ್ ಯುದ್ಧದಲ್ಲಿ ಮರ್ಡಾಕ್ ಇಂಗ್ಲಿಷರ ಕೈಗೆ ಸಿಕ್ಕಿಬಿದ್ದ. 1406ರಲ್ಲಿ 11 ವರ್ಷದ ಯುವರಾಜ ಜೇಮ್ಸ್ ಕೂಡ ಸಮುದ್ರದಲ್ಲಿ ಸೆರೆಯಾದ. ಕೆಲವೇ ದಿನಗಳಲ್ಲಿ ಅವನ ತಂದೆ ತೀರಿಕೊಂಡ. ಹುಡುಗ ಈಗ ರಾಜ, ಆದರೆ ಇರೋದು ಶತ್ರುವಿನ ಸೆರೆಯಲ್ಲಿ. ಅವನ ಹೆಸರಿನಲ್ಲಿ ಆಳಲು ಗವರ್ನರ್ ಆದವನು ಚಿಕ್ಕಪ್ಪ ರಾಬರ್ಟ್.

ಮುಂದಿನದ್ದು ಗಮನಿಸಿ. 1416ರಲ್ಲಿ ಹೆನ್ರಿ ಪರ್ಸಿ ಎಂಬ ಇಂಗ್ಲಿಷ್ ಶ್ರೀಮಂತನನ್ನು ಬಿಟ್ಟುಕೊಟ್ಟು ಮರ್ಡಾಕ್‌ನನ್ನು ಬಿಡಿಸಿಕೊಳ್ಳಲಾಯಿತು. ಜೇಮ್ಸ್ ಮಾತ್ರ ಇನ್ನೂ 8 ವರ್ಷ ಅಲ್ಲೇ ಉಳಿದ. ರಾಜ ಸುಲಭಕ್ಕೆ ಬಿಟ್ಟುಕೊಡುವ ಸೆರೆಯಾಳಲ್ಲ, ಸರಿ. ಆದರೆ ಅವನು ದೂರ ಇದ್ದಷ್ಟು ದಿನ ಅಧಿಕಾರ ಈ ಮನೆಯಲ್ಲೇ ಇರುತ್ತಿತ್ತು ಅನ್ನೋದೂ ಅಷ್ಟೇ ಸರಿ. ಸೆರೆಯಲ್ಲಿದ್ದ ಹುಡುಗ ಯಾವ ಲೆಕ್ಕವನ್ನು ನೆನಪಿಟ್ಟುಕೊಂಡಿರಬಹುದು, ಹೇಳಿ?

1420ರಲ್ಲಿ ರಾಬರ್ಟ್ ಸತ್ತಾಗ ಡ್ಯೂಕ್ ಪದವಿ, ಗವರ್ನರ್ ಹುದ್ದೆ ಎರಡೂ ಮರ್ಡಾಕ್‌ಗೆ ಬಂದವು. ರಾಜನ ಬದಲಿಗೆ ಆಳುವ ಹುದ್ದೆಯೇ ಆಸ್ತಿಯಂತೆ ಅಪ್ಪನಿಂದ ಮಗನಿಗೆ ಹೋಯ್ತು. ಆದರೆ ಅಪ್ಪನ ಹಿಡಿತ ಮಗನಿಗಿರಲಿಲ್ಲ. ಮಗ ವಾಲ್ಟರ್ ಅವನ ಮಾತು ಕೇಳುತ್ತಿರಲಿಲ್ಲ.

ವಾಪಸ್ ಬಂದ ರಾಜ

40,000 ಪೌಂಡ್ ಒಪ್ಪಂದದ ಮೇಲೆ ಜೇಮ್ಸ್ 1424ರಲ್ಲಿ ಮರಳಿದ. ಮೇ 21ರಂದು ಸ್ಕೋನ್‌ನಲ್ಲಿ ಪಟ್ಟಾಭಿಷೇಕ. ರಾಜನನ್ನು ಸಿಂಹಾಸನದಲ್ಲಿ ಕೂರಿಸುವ ಹಕ್ಕು ಸಂಪ್ರದಾಯದಂತೆ ಫೈಫ್‌ನ ಅರ್ಲ್‌ದು. ಆಗ ಆ ಅರ್ಲ್ ಯಾರು? ಮರ್ಡಾಕ್! ಅವನೇ ಕೂರಿಸಿದ. ಅಷ್ಟರಲ್ಲಾಗಲೇ ವಾಲ್ಟರ್ ಜೈಲಿನಲ್ಲಿದ್ದ.

1425ರ ಮಾರ್ಚ್‌ನಲ್ಲಿ ಮರ್ಡಾಕ್, ಹೆಂಡತಿ ಇಸಬೆಲ್ಲಾ, ಮಗ ಅಲೆಕ್ಸಾಂಡರ್ ಬಂಧನವಾಯಿತು. ಇಸಬೆಲ್ಲಾಳ ಮುದಿ ತಂದೆ, ಲೆನಾಕ್ಸ್‌ನ ಅರ್ಲ್ ಡಂಕನ್ ಕೂಡ ಆಗಲೇ ಸೆರೆಯಲ್ಲಿದ್ದ. ಇನ್ನೊಬ್ಬ ಮಗ ಜೇಮ್ಸ್ ತಪ್ಪಿಸಿಕೊಂಡು ಡಂಬಾರ್ಟನ್ ಪಟ್ಟಣ ಸುಟ್ಟು, ಐರ್ಲೆಂಡಿಗೆ ಓಡಿಹೋದ. ಆ ಬೆಂಕಿ ಮನೆಯವರಿಗೇ ಉರುಳಾಯಿತು. 21 ಜನರ ಪಂಚಾಯ್ತಿ ವಿಚಾರಣೆ ನಡೆಸಿತು. ಮೇ 24ಕ್ಕೆ ವಾಲ್ಟರ್, ಮರುದಿನ ಮರ್ಡಾಕ್, ಅಲೆಕ್ಸಾಂಡರ್, ಡಂಕನ್, ಎಲ್ಲರ ಶಿರಚ್ಛೇದ ಸ್ಟರ್ಲಿಂಗ್‌ನಲ್ಲಿ. ಡೂನ್ ಕೋಟೆ, ಫೈಫ್, ಮೆಂಟೀತ್ ರಾಜನ ಪಾಲಾದವು.

ಆ 21 ಜನರಲ್ಲಿ ಇಬ್ಬರಿಗೂ ಚಿಕ್ಕಪ್ಪನಾದ ಅಥಾಲ್‌ನ ಅರ್ಲ್ ಕೂಡ ಇದ್ದ. 1437ರಲ್ಲಿ ಅದೇ ರಾಜನ ಕೊಲೆಯ ಸಂಚಿನಲ್ಲಿ ಸಿಕ್ಕಿ ಅವನೂ ಮರಣದಂಡನೆಗೆ ಒಳಗಾದ.

ಉಳಿದವಳು

ಇದನ್ನು ಒಳ್ಳೆ ರಾಜ, ಕೆಟ್ಟ ಡ್ಯೂಕ್ ಕಥೆಯಾಗಿ ಓದಿದರೆ ವಿಷಯವೇ ಕೈತಪ್ಪುತ್ತೆ. ಹುದ್ದೆ ಮನೆತನದ ಆಸ್ತಿಯಾದಾಗ, ಸರ್ಕಾರ ಬದಲಿಸಲು ಇರೋ ದಾರಿಯೂ ಮನೆತನವನ್ನು ಮುಗಿಸೋದೇ. ಅಲ್ಲಿ ರಾಜೀನಾಮೆ ಇಲ್ಲ, ವಿರೋಧ ಪಕ್ಷದ ಸಾಲಿಲ್ಲ. ಸೋತವನ ಮಕ್ಕಳೂ ಅಪಾಯವೇ, ಮಾವನೂ ಅಪಾಯವೇ.

ಇಸಬೆಲ್ಲಾ ಟ್ಯಾಂಟಲನ್ ಕೋಟೆಯಲ್ಲಿ ಸೆರೆಯಿದ್ದಳು. ಜೇಮ್ಸ್ ಸತ್ತ ಮೇಲೆ ಲಾಕ್ ಲೋಮಂಡ್ ಸರೋವರದ ಇಂಚ್‌ಮರಿನ್ ದ್ವೀಪದಲ್ಲಿ ಬದುಕಿದಳು. 1451ರಲ್ಲಿ ಗ್ಲಾಸ್ಗೋದ ಡೊಮಿನಿಕನ್ ಸನ್ಯಾಸಿಗಳಿಗೆ ಜಮೀನು ದಾನ ಕೊಟ್ಟಳು: ಗಂಡ, ತಂದೆ ಮತ್ತು ಮಕ್ಕಳ ಆತ್ಮಶಾಂತಿಗಾಗಿ.