ಹಿಮದ ಹಾದಿಗೊಂದು ಸಂಸಾರದ ಕಾರು

ಜಪಾನಿನ ಅತಿ ದೊಡ್ಡ ದ್ವೀಪವಾದ ಹೊನ್ಷೂವಿನ ಉತ್ತರ ಭಾಗಕ್ಕೆ ತೋಹೊಕು ಎಂದು ಹೆಸರು. ಈಶಾನ್ಯವೆಂದೇ ಆ ಮಾತಿನ ಅರ್ಥ. ಮುಂಗಾರಿನ ಮೋಡಗಳು ಅರಬ್ಬೀ ಸಮುದ್ರವನ್ನು ದಾಟಿ ಬಂದು, ಸಹ್ಯಾದ್ರಿಯ ಮೈಗೆ ತಾಗಿ, ಆಗುಂಬೆಯಲ್ಲಿ ಹೇಗೆ ಧೋ ಎಂದು ಸುರಿಯುತ್ತವೆಯೋ, ಹಾಗೆಯೇ ಚಳಿಗಾಲದಲ್ಲಿ ಸೈಬೀರಿಯದ ಕಡೆಯಿಂದ ಬೀಸುವ ಶೀತಮಾರುತವು ಜಪಾನ್ ಸಮುದ್ರದ ತೇವವನ್ನೆಲ್ಲ ಹೀರಿಕೊಂಡು ಬಂದು ತೋಹೊಕುವಿನ ಬೆಟ್ಟಸಾಲಿಗೆ ಅಪ್ಪಳಿಸುತ್ತದೆ. ವ್ಯತ್ಯಾಸವಿಷ್ಟೆ: ಇಲ್ಲಿ ಬೀಳುವುದು ಮಳೆ, ಅಲ್ಲಿ ಬೀಳುವುದು ಹಿಮ. ಮಳೆಯ ನೀರು ಹಳ್ಳ ಹಿಡಿದು ಹರಿದುಹೋಗುತ್ತದೆ. ಹಿಮವು ಬಿದ್ದಲ್ಲಿಯೇ ಕುಳಿತು, ಒಂದರ ಮೇಲೊಂದು ಪದರವಾಗಿ ಏರಿ, ಹಾದಿಯನ್ನೂ ಹೊಲವನ್ನೂ ಒಂದು ಮಾಡಿಬಿಡುತ್ತದೆ.

ಇಂತಹ ನಾಡಿನಲ್ಲಿ ಮನೆ ಮನೆಗೆ ವಿದ್ಯುಚ್ಛಕ್ತಿಯನ್ನು ಒದಗಿಸುವುದು ತೋಹೊಕು ವಿದ್ಯುತ್ ಕಂಪನಿಯ ಕೆಲಸ. ಬೆಟ್ಟಗಳನ್ನೇರಿ ಇಳಿಯುವ ತಂತಿಗಳನ್ನು ಬೇಸಗೆಯಲ್ಲಿ ನೋಡಿಕೊಂಡು ಬರುವುದು ದೊಡ್ಡ ಮಾತಲ್ಲ. ಆದರೆ ತಂತಿ ಹರಿಯುವುದು, ಕಂಬ ವಾಲುವುದು ಬೇಸಗೆಯಲ್ಲಿಯೇ ಆಗಬೇಕೆಂಬ ಕಟ್ಟಳೆಯೇನೂ ಇಲ್ಲವಲ್ಲ! ಹಿಮದ ಭಾರಕ್ಕೆ ಅದು ಆಗುವುದು ಚಳಿಗಾಲದಲ್ಲಿಯೇ ಹೆಚ್ಚು. ದೀಪವೂ ಶಾಖವೂ ಮನೆಗಳಿಗೆ ಅತ್ಯಗತ್ಯವಾಗಿ ಬೇಕಾಗುವುದೂ ಆಗಲೇ. ಕಂಪನಿಯ ಕೆಲಸಗಾರರು ಇಂತಹ ಹೊತ್ತಿನಲ್ಲಿ ನೆಚ್ಚಿಕೊಂಡಿದ್ದುದು ಜೀಪು ಜಾತಿಯ ಗಾಡಿಗಳನ್ನು. ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟಗಳಲ್ಲಿ ಜೀಪು ಹತ್ತಿದವರಿಗೆ ಅದರ ಗುಣಾವಗುಣಗಳನ್ನು ವಿವರಿಸಬೇಕಾಗಿಲ್ಲ. ಎಂಥ ಕೆಸರಿನಿಂದಲೂ ಅದು ಎದ್ದು ಬರುತ್ತದೆ. ಆದರೆ ಒಳಗೆ ಕುಳಿತವನ ಮೂಳೆಗಳ ಬಗೆಗೆ ಅದಕ್ಕೆ ಯಾವ ಕನಿಕರವೂ ಇಲ್ಲ. ಬಟ್ಟೆಯ ಹೊದಿಕೆಯ ಸಂದುಗಳಲ್ಲಿ ನುಗ್ಗುವ ಗಾಳಿ ನಮ್ಮಲ್ಲಾದರೆ ಹಿತ. ಸೊನ್ನೆಗಿಂತ ಕೆಳಗಿಳಿದ ಚಳಿಯಲ್ಲಿ ಅದು ಚೂರಿ. ಬೆಟ್ಟವನ್ನು ತಲಪುವ ಮೊದಲೇ ಕೆಲಸಗಾರನ ಕೈಗಳು ಮರಗಟ್ಟಿದರೆ ಅವನು ತಂತಿಯನ್ನು ಕಟ್ಟುವುದು ಹೇಗೆ?

1970ರ ಸುಮಾರಿಗೆ ಈ ಕಂಪನಿಯವರು ಮಿಯಾಗಿ ಪ್ರಾಂತದ ಸುಬಾರು ಕಾರುಗಳ ಮಾರಾಟಗಾರರ ಮುಂದೆ ಒಂದು ಬೇಡಿಕೆಯನ್ನಿಟ್ಟರು. ವರ್ಷದ ಹನ್ನೆರಡು ತಿಂಗಳೂ ಓಡುವ, ಹಿಮದಲ್ಲಿ ಜೀಪಿನಂತೆ ಏರುವ, ಆದರೆ ಒಳಗೆ ಕಾರಿನಂತೆ ಬೆಚ್ಚಗೂ ಸುಖಕರವಾಗಿಯೂ ಇರುವ ಗಾಡಿ ಸಿಕ್ಕೀತೆ? ಕೇಳಿದವರು ತಂತಿ ಕಟ್ಟುವವರು. ಆದರೆ ಅವರು ಕೇಳಿದ್ದು ಸಂಸಾರಸ್ಥನ ಗಾಡಿಯನ್ನೇ. ನಾಲ್ಕು ಜನ ಕೂರಬೇಕು, ಸಾಮಾನು ಹಿಡಿಸಬೇಕು, ಪೆಟ್ರೋಲು ಮಿತವಾಗಿ ಕುಡಿಯಬೇಕು, ಪೇಟೆಯ ಒಣರಸ್ತೆಯಲ್ಲಿ ಹಗುರಾಗಿ ಓಡಬೇಕು, ಬೆಲೆ ಕೈಗೆಟಕಬೇಕು. ಇಷ್ಟೆಲ್ಲ ಇದ್ದು, ಹಿಮ ಬಿದ್ದ ದಿನವೂ ಕೈಬಿಡಬಾರದು.

ನಾಲ್ಕು ಗಾಲಿಗಳನ್ನೂ ಎಂಜಿನ್ನಿಗೆ ಜೋಡಿಸಿದರೆ ಏನು ಲಾಭ? ಗಾಲಿಯೊಂದು ನೆಲವನ್ನು ಒತ್ತಿ ಗಾಡಿಯನ್ನು ಮುಂದೂಡುವ ಬಲವು ಅದರ ಮೇಲೆ ಬಿದ್ದಿರುವ ಭಾರವನ್ನೂ ನೆಲದ ಹಿಡಿತವನ್ನೂ ಅವಲಂಬಿಸಿದೆ. ಒಣಗಿದ ಟಾರು ರಸ್ತೆಯಲ್ಲಿ ದೊರೆಯುವ ಹಿಡಿತದ ಮೂರನೆಯ ಒಂದು ಭಾಗವೂ ತುಳಿದು ಗಟ್ಟಿಯಾದ ಹಿಮದ ಮೇಲೆ ದೊರೆಯುವುದು ಕಷ್ಟ. ಸಾಧಾರಣ ಕಾರಿನಲ್ಲಿ ಎರಡು ಗಾಲಿಗಳಷ್ಟೇ ದುಡಿಯುತ್ತವೆ. ಮಿಕ್ಕೆರಡರ ಮೇಲಿನ ಭಾರ ಎಳೆತದ ಮಟ್ಟಿಗೆ ವ್ಯರ್ಥ. ಏರಿನಲ್ಲಂತೂ ಭಾರವು ಹಿಂದಕ್ಕೆ ಸರಿಯುವುದರಿಂದ, ಮುಂದಿನ ಗಾಲಿಗಳಿಂದ ಎಳೆಯುವ ಕಾರಿಗೆ ಹಿಡಿತ ಬೇಕಾದಾಗಲೇ ಅದು ತಪ್ಪಿಹೋಗುತ್ತದೆ. ನಾಲ್ಕೂ ದುಡಿದರೆ ಗಾಡಿಯ ಇಡೀ ಭಾರ ಉಪಯೋಗಕ್ಕೆ ಬಂದಂತಾಯಿತು.

ಲೆಕ್ಕ ಸುಲಭ, ಕಟ್ಟುವುದು ಕಷ್ಟ. ಫ್ರಾನ್ಸಿನ ಸಿತ್ರೊಯೆನ್ ಕಂಪನಿಯವರು ಸಹಾರಾ ಮರುಭೂಮಿಯ ಮರಳಿಗಾಗಿ ತಮ್ಮ ಪುಟ್ಟ 2ಸಿವಿ ಕಾರನ್ನು ನಾಲ್ಕು ಗಾಲಿಯ ಎಳೆತಕ್ಕೆ ಒಗ್ಗಿಸಲು ಹೊರಟು, 1958ರಲ್ಲಿ ಜಗತ್ತಿಗೆ ತೋರಿಸಿದ ಉಪಾಯವನ್ನು ಕೇಳಿದರೆ ನಗು ಬಾರದಿರದು. ಮುಂದಿನ ಗಾಲಿಗಳಿಗೆ ಎಂಜಿನ್ನು ಹೇಗೂ ಇತ್ತು. ಹಿಂದಿನವುಗಳಿಗೆಂದು ಸಾಮಾನಿನ ಗೂಡಿನಲ್ಲಿ ಇನ್ನೊಂದು ಎಂಜಿನ್ನನ್ನೇ ಕೂರಿಸಿದರು! ಎರಡು ಎಂಜಿನ್ನು, ಎರಡು ಗೇರ್ ಪೆಟ್ಟಿಗೆ, ಎರಡು ಪೆಟ್ರೋಲು ತೊಟ್ಟಿ. ಮರಳುದಿಬ್ಬವನ್ನು ಅದು ಏರಿತೆಂಬುದು ನಿಜ. ಆದರೆ ಒಂದು ಮನೆಗೆ ಎರಡು ಒಲೆ ಹೂಡಿದ ಮೇಲೆ ಸೌದೆಯ ಖರ್ಚು ಇಮ್ಮಡಿಯಾಗದಿದ್ದೀತೆ? ಸಾಮಾನಿಡುವ ಜಾಗವೂ ಹೋಯಿತು. ಸುಮಾರು 700 ಗಾಡಿಗಳಲ್ಲಿ ಆ ಪ್ರಯೋಗ ಮುಗಿಯಿತು. ಇಂಗ್ಲೆಂಡಿನಲ್ಲಿ, ಟ್ರಾಕ್ಟರಿನಿಂದ ಹೆಸರಾದ ಹ್ಯಾರಿ ಫರ್ಗುಸನ್ ತನ್ನ ಕೊನೆಯ ವರ್ಷಗಳನ್ನು ಇದೇ ಸಮಸ್ಯೆಗೆ ಮುಡಿಪಾಗಿಟ್ಟಿದ್ದ. ಅವನು ತೀರಿಕೊಂಡ ಆರು ವರ್ಷಗಳ ಮೇಲೆ, 1966ರಲ್ಲಿ, ಅವನ ಸಂಸ್ಥೆಯ ವಿಧಾನವನ್ನಳವಡಿಸಿದ ಜೆನ್ಸೆನ್ ಎಫ್‌ಎಫ್ ಎಂಬ ಕಾರು ಹೊರಬಂತು. ಚತುರವಾದ ಯಂತ್ರ, ಆದರೆ ಕೊಳ್ಳುವವನು ಶ್ರೀಮಂತನಾಗಿರಬೇಕಿತ್ತು. ತಯಾರಾದದ್ದು ಒಟ್ಟು 320.

ಮಿಯಾಗಿಯ ಮಾರಾಟಗಾರರಿಗೆ ಅನುಕೂಲವಾದುದು ಅವರು ಮಾರುತ್ತಿದ್ದ ಕಾರಿನ ರಚನೆ. ಅದನ್ನು ತಯಾರಿಸುತ್ತಿದ್ದ ಫೂಜಿ ಹೆವಿ ಇಂಡಸ್ಟ್ರೀಸ್, ಯುದ್ಧಕಾಲದಲ್ಲಿ ವಿಮಾನಗಳನ್ನು ಕಟ್ಟುತ್ತಿದ್ದ ನಾಕಾಜಿಮಾ ಕಂಪನಿಯ ಸಂತಾನ. ಯುದ್ಧದಲ್ಲಿ ಜಪಾನು ಸೋತ ಮೇಲೆ ವಿಮಾನದ ಕೆಲಸ ನಿಂತು, ಕಂಪನಿ ಹೋಳುಹೋಳಾಗಿ, 1953ರಲ್ಲಿ ಅದರ ಹಲವು ತುಣುಕುಗಳು ಮತ್ತೆ ಕೂಡಿದ್ದವು. ಹಾಗೆ ಒಂದಾದುದರ ನೆನಪಿಗೇ ತಮ್ಮ ಕಾರಿಗೆ ಸುಬಾರು ಎಂಬ ಹೆಸರನ್ನಿಟ್ಟರು. ಸುಬಾರು ಎಂದರೆ ನಮ್ಮ ಕೃತ್ತಿಕಾ ನಕ್ಷತ್ರಪುಂಜ. ಷಣ್ಮುಖನಿಗೆ ಹಾಲೂಡಿದ ಆರು ತಾಯಂದಿರೇ ಜಪಾನೀ ಕಾರಿನ ಮೂತಿಯ ಮೇಲೆ ಆರು ಚುಕ್ಕೆಗಳಾಗಿ ಕುಳಿತಿದ್ದಾರೆಂದರೆ ನಮ್ಮ ಅಜ್ಜಿಯರು ನಂಬುತ್ತಿದ್ದರೋ ಇಲ್ಲವೋ! ವಿಮಾನದ ಕೆಲಸದಿಂದ ಬಂದ ಮೊಮೊಸೆ ಶಿನ್ರೊಕು ಎಂಬ ಯಂತ್ರಶಿಲ್ಪಿಯ ಮುಂದಾಳುತನದಲ್ಲಿ 1966ರಲ್ಲಿ ಸಿದ್ಧವಾದ ಸುಬಾರು 1000 ಕಾರಿನಲ್ಲಿ ಎಂಜಿನ್ನು ನೆಟ್ಟಗೆ ನಿಂತಿರಲಿಲ್ಲ; ಎರಡು ಕಡೆಗೂ ತೋಳು ಚಾಚಿ ಚಪ್ಪಟೆಯಾಗಿ ಮಲಗಿತ್ತು. ಅದರ ಹಿಂದೆಯೇ, ಕಾರಿನ ನಡುಗೆರೆಯ ಮೇಲೆ, ಉದ್ದುದ್ದವಾಗಿ ಗೇರ್ ಪೆಟ್ಟಿಗೆ. ಶಕ್ತಿಯೆಲ್ಲ ಮುಂದಿನ ಗಾಲಿಗಳಿಗೇ ಹೋಗುತ್ತಿತ್ತು. ಆದರೆ ಪೆಟ್ಟಿಗೆಯ ಬಾಲ ಹಿಂದಿನ ಗಾಲಿಗಳತ್ತಲೇ ಮುಖ ಮಾಡಿತ್ತು. ಆ ಬಾಲದಿಂದ ಒಂದು ದಂಡವನ್ನು ನೇರವಾಗಿ ಹಿಂದಕ್ಕೆ ಒಯ್ದರಾಯಿತು, ತಿರುವಿಲ್ಲ, ಮುರುವಿಲ್ಲ.

ಸರಿ; ಹಿಂದಿನ ಗಾಲಿಗಳ ನಡುವೆ ಕೂರಿಸಲು ಇರುಸೂ ಗೇರುಗಳೂ ಬೇಕಲ್ಲ? ಸುಬಾರುವಿನಲ್ಲಿ ಅವಿರಲಿಲ್ಲ. ಕಾರ್ಖಾನೆಯ ಮುಖ್ಯ ಯಂತ್ರಶಿಲ್ಪಿಗಳಿಗೆ ಬರೆದು, ಉತ್ತರಕ್ಕಾಗಿ ಕಾದು ಕೂರಬಹುದಿತ್ತು. ಮಾರಾಟಗಾರರ ದುರಸ್ತಿ ಶಾಲೆಯವರು ಹಾಗೆ ಮಾಡಲಿಲ್ಲ. ಪ್ರತಿಸ್ಪರ್ಧಿಯಾದ ನಿಸ್ಸಾನ್ ಕಂಪನಿಯ ಬ್ಲೂಬರ್ಡ್ ಕಾರಿನ ಹಿಂದಿನ ಇರುಸಿನ ಭಾಗಗಳನ್ನು ತಂದು ಸುಬಾರು ವ್ಯಾನಿನ ಕೆಳಗೆ ಜೋಡಿಸಿಬಿಟ್ಟರು! ಎರಡು ಮನೆಯ ಅಡುಗೆಯನ್ನು ಒಂದೇ ಎಲೆಗೆ ಬಡಿಸಿದಂತಾಯಿತೇನೋ. ಆದರೆ ಗಾಡಿ ಹಿಮವನ್ನು ಏರಿತು. ಅದನ್ನು ಕಂಡ ಮೇಲೆ ಫೂಜಿ ಕಂಪನಿಯವರು ಕೆಲಸವನ್ನು ತಾವೇ ಕೈಗೆತ್ತಿಕೊಂಡು, 1971ರ ಟೋಕಿಯೋ ಮೋಟಾರು ಪ್ರದರ್ಶನದಲ್ಲಿ ಎಫ್‌ಎಫ್-1 1300ಜಿ ವ್ಯಾನಿನ ನಾಲ್ಕು ಗಾಲಿಯ ಎಳೆತದ ಮಾದರಿಯನ್ನು ಜನರ ಮುಂದಿಟ್ಟರು. ಆಗ ತಯಾರಾದ ಎಂಟು ವಾಹನಗಳಲ್ಲಿ ಐದು, ಬೇಡಿಕೆಯಿಟ್ಟ ವಿದ್ಯುತ್ ಕಂಪನಿಗೇ ಹೋದವು.

ಇಷ್ಟಾದರೂ ನಿಜವಾದ ತೊಡಕು ಉಳಿದೇ ಇತ್ತು. ಅದು ತೋರುವುದು ಹಿಮದಲ್ಲಲ್ಲ, ಒಣನೆಲದಲ್ಲಿ. ನೇರ ಹಾದಿಯಲ್ಲಲ್ಲ, ತಿರುವಿನಲ್ಲಿ.

ಸುಗ್ಗಿಯ ಕಣವನ್ನು ನೆನೆದುಕೊಳ್ಳಿ. ಮೇಟಿಗಂಬದ ಸುತ್ತ ಸಾಲಾಗಿ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತಿವೆ. ಮೇಟಿಯ ಮಗ್ಗುಲಿನ ಎತ್ತು ನಿಂತಲ್ಲೇ ನಿಂತಂತೆ ಚಿಕ್ಕ ಹೆಜ್ಜೆಯಿಡುತ್ತದೆ. ಹೊರಗಿನ ಎತ್ತು ಓಡುವಷ್ಟು ಬಿರುಸಾಗಿ ನಡೆಯಬೇಕಾಗುತ್ತದೆ. ಎಲ್ಲಕ್ಕೂ ಒಂದೇ ಅಳತೆಯ ಹೆಜ್ಜೆಯೆಂದು ಕಟ್ಟು ಮಾಡಿದರೆ ಸಾಲೇ ಮುರಿಯುತ್ತದೆ. ಕಾರು ತಿರುಗುವಾಗಲೂ ಹೊರಗಿನ ಗಾಲಿಗೆ ಹೆಚ್ಚು ದೂರ, ಒಳಗಿನದಕ್ಕೆ ಕಡಮೆ. ಈ ವ್ಯತ್ಯಾಸಕ್ಕೆ ಎಡೆಗೊಡುವ ಗೇರುಗಳ ಗಂಟಿಗೆ ಡಿಫರೆನ್ಷಿಯಲ್ ಎಂದು ಹೆಸರು. ಅದು ಪ್ರತಿಯೊಂದು ಕಾರಿನಲ್ಲಿಯೂ ಇದೆ. ಆದರೆ ಇನ್ನೊಂದು ವ್ಯತ್ಯಾಸವಿದೆ. ತಿರುವಿನಲ್ಲಿ ಮುಂದಿನ ಗಾಲಿಗಳ ಜೋಡಿ ದೊಡ್ಡ ಸುತ್ತನ್ನು ಹಾಕುತ್ತದೆ, ಹಿಂದಿನ ಜೋಡಿ ಒಳಗಿನಿಂದ ಚಿಕ್ಕ ಸುತ್ತಿನಲ್ಲಿ ಬರುತ್ತದೆ. ಎರಡನ್ನೂ ಒಂದೇ ದಂಡದಿಂದ ಬಿಗಿದಿದ್ದರೆ ಮುಂದಿನವಕ್ಕೂ ಹಿಂದಿನವಕ್ಕೂ ಜಗಳ. ಹಿಮದ ಮೇಲಾದರೆ ಯಾವುದೋ ಗಾಲಿ ಕೊಂಚ ಜಾರಿ ಜಗಳ ಅಲ್ಲಿಗೇ ತೀರುತ್ತದೆ. ಒಣ ಟಾರಿನ ಮೇಲೆ ಜಾರಲು ಎಡೆಯೆಲ್ಲಿ? ದಂಡ ಹುರಿಗೊಳ್ಳುತ್ತದೆ, ಟೈರು ಸವೆಯುತ್ತದೆ, ಚುಕ್ಕಾಣಿ ಭಾರವಾಗುತ್ತದೆ, ಗಾಡಿ ಕುಪ್ಪಳಿಸುತ್ತದೆ.

ಸುಬಾರುವಿನವರು ಇದಕ್ಕೆ ಕಂಡುಕೊಂಡ ಪರಿಹಾರ ತೀರ ಸರಳ. 1972ರ ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಂದ ಲಿಯೋನ್ ಎಸ್ಟೇಟ್ ವ್ಯಾನಿನಲ್ಲಿ ಚಾಲಕನ ಪಕ್ಕಕ್ಕೆ ಒಂದು ಹಿಡಿಯನ್ನಿಟ್ಟರು. ಒಣರಸ್ತೆಯಲ್ಲಿ ಅದು ಮುಂದಿನ ಗಾಲಿಗಳಿಂದ ಓಡುವ ಸಾಧಾರಣ ಕಾರು. ಹಿಮವೋ ಕೆಸರೋ ಎದುರಾದಾಗ ಹಿಡಿಯನ್ನು ಸರಿಸಿದರೆ ಹಿಂದಿನ ಗಾಲಿಗಳೂ ನೊಗಕ್ಕೆ ಬಂದವು. ಇದರಲ್ಲೊಂದು ವಿವೇಕವುಂಟು. ವರ್ಷದ ಹೆಚ್ಚಿನ ದಿನಗಳಲ್ಲಿ ಸಂಸಾರಕ್ಕೆ ಬೇಕಾದುದು ಎರಡು ಗಾಲಿಯ ಎಳೆತ ಮಾತ್ರ. ಆ ದಿನಗಳಲ್ಲಿ ಮಿಕ್ಕ ಎರಡರ ಹೊರೆಯನ್ನು ಪೆಟ್ರೋಲಿನ ಲೆಕ್ಕಕ್ಕೆ ಪೂರ್ತಿಯಾಗಿ ಸೇರಿಸುವುದು ಬೇಡ. ಕುಂದೂ ಇಲ್ಲದಿಲ್ಲ: ಹಿಡಿಯನ್ನು ಯಾವಾಗ ಸರಿಸಬೇಕೆಂಬುದನ್ನು ಚಾಲಕನೇ ಬಲ್ಲವನಾಗಿರಬೇಕು. ಹಿಮ ಕಳೆದು ಒಣರಸ್ತೆ ಬಂದದ್ದನ್ನು ಮರೆತನೋ, ಹಿಂದೆ ಹೇಳಿದ ಜಗಳ ಮೊದಲಾಗುತ್ತದೆ. ಮತ್ತೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಹಿಮದಲ್ಲಿ ಸಲೀಸಾಗಿ ಹೊರಟ ಚಾಲಕನಿಗೆ ತನ್ನ ಗಾಡಿ ಸಲೀಸಾಗಿ ನಿಂತೀತೆಂಬ ಭ್ರಮೆ ಹುಟ್ಟುವುದುಂಟು. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗಳ ಮೇಲೆಯೇ ಕೆಲಸ ಮಾಡುತ್ತದೆ. ನಿಲ್ಲುವ ವಿಷಯದಲ್ಲಿ ಈ ಕಾರಿಗೆ ಯಾವ ವಿಶೇಷವೂ ಇಲ್ಲ.

1975ರಲ್ಲಿ ಲಿಯೋನ್ ಸೆಡಾನಿಗೂ, ಎಂದರೆ ಅಪ್ಪಟ ಮನೆಬಳಕೆಯ ಕಾರಿಗೂ, ಇದೇ ವ್ಯವಸ್ಥೆ ಬಂತು. ಅಷ್ಟರಲ್ಲಿ ಅಮೆರಿಕದ ಹಿಮಪ್ರದೇಶಗಳಿಗೂ ಅದರ ವ್ಯಾಗನ್ನುಗಳು ಹೊರಟಿದ್ದವು.

ಹಿಡಿಯ ಗೊಡವೆಯೇ ಇಲ್ಲದೆ ನಾಲ್ಕು ಗಾಲಿಗಳೂ ಸದಾ ಎಳೆಯುವ ಕಾರು ಮನೆಬಳಕೆಗೆ ಒಗ್ಗುವಂತಾದ ಕಥೆ ಇನ್ನೊಂದು ದೇಶದ್ದು. 1977ರ ಚಳಿಗಾಲದಲ್ಲಿ ಜರ್ಮನಿಯ ಔಡಿ ಕಂಪನಿಯವರು ಫಿನ್‌ಲೆಂಡಿನ ಹಿಮದಲ್ಲಿ ತಮ್ಮ ಕಾರುಗಳನ್ನು ಪರೀಕ್ಷಿಸುತ್ತಿದ್ದರು. ಜೊತೆಗೆ ಸೈನ್ಯಕ್ಕಾಗಿ ಕಟ್ಟಿದ ಇಲ್ಟಿಸ್ ಎಂಬ ಜೀಪಿನಂತಹ ಗಾಡಿಯೂ ಇತ್ತು. ಎಪ್ಪತ್ತೈದು ಅಶ್ವಶಕ್ತಿಯ ಆ ಒರಟು ಗಾಡಿ, ತನಗಿಂತ ಎಷ್ಟೋ ಬಲಶಾಲಿಯಾದ ಕಾರುಗಳನ್ನು ಹಿಂದೆ ಹಾಕಿದುದನ್ನು ಯೋರ್ಗ್ ಬೆನ್ಸಿಂಗರ್ ಎಂಬ ಯಂತ್ರಶಿಲ್ಪಿ ಕಂಡ. ಆ ಗುಣವನ್ನು ಕಾರಿಗೇ ತಂದರೇನು ಎಂಬ ಅವನ ಸಲಹೆಗೆ ಮೇಲಧಿಕಾರಿಯಾದ ಫರ್ಡಿನಾಂಡ್ ಪೀಖ್ ಒಪ್ಪಿಗೆಯಿತ್ತ. 1978ರ ಜನವರಿಯಲ್ಲಿ ಆಸ್ಟ್ರಿಯಾದ ಟುರ‍್ರಾಖರ್ ಹೋಹೆ ಎಂಬ ಘಾಟಿಯಲ್ಲಿ, ನೂರಡಿ ಹೋದರೆ ಇಪ್ಪತ್ತಮೂರಡಿ ಏರುವ ಹಿಮದ ಹಾದಿಯಲ್ಲಿ, ಅವರ ಪ್ರಯೋಗದ ಕಾರು ಬೇಸಗೆಯ ಟೈರುಗಳಲ್ಲಿಯೇ, ಸರಪಳಿ ಕಟ್ಟದೆ, ಹತ್ತಿ ತೋರಿಸಿತು. ಎಲ್ಲರೂ ಬೀಗಿದರು.

ಆಗ ಮಾತೃಸಂಸ್ಥೆಯಾದ ಫೋಕ್ಸ್‌ವಾಗನ್ನಿನ ತಾಂತ್ರಿಕ ಮುಖ್ಯಸ್ಥ ಎರ್ನ್‌ಸ್ಟ್ ಫಿಯಾಲಾ ಆ ಕಾರನ್ನು ವಿಯೆನ್ನಾಕ್ಕೆ ಒಯ್ದ. ಅಲ್ಲಿ ಅವನ ಹೆಂಡತಿ ಪೇಟೆಯ ಕೆಲಸಕ್ಕೆ ಅದನ್ನು ನಡೆಸಿಕೊಂಡು ಹೋದಳು. ಹಿಮವಿಲ್ಲ, ಘಾಟಿಯಿಲ್ಲ, ಇಕ್ಕಟ್ಟಿನಲ್ಲಿ ಕಾರನ್ನು ತಿರುಗಿಸಿ ನಿಲ್ಲಿಸುವ ನಿತ್ಯದ ಕೆಲಸ ಅಷ್ಟೆ. ಮನೆಗೆ ಬಂದವಳು ಕಾರು ಕುಪ್ಪಳಿಸುತ್ತದೆಂದು ದೂರಿದಳು. ಬೆಟ್ಟದ ಮೇಲೆ ಗಂಡಸರಾರಿಗೂ ಕಾಣದ ದೋಷ ಅಂಗಡಿಬೀದಿಯಲ್ಲಿ ಒಂದೇ ದಿನಕ್ಕೆ ಹೊರಬಿತ್ತು! ಮುಂದಿನ ಮತ್ತು ಹಿಂದಿನ ಇರುಸುಗಳ ನಡುವೆ ಮೂರನೆಯ ಡಿಫರೆನ್ಷಿಯಲ್ ಒಂದು ಬೇಕೇಬೇಕೆಂದು ಫಿಯಾಲಾ ಪಟ್ಟು ಹಿಡಿದ.

ಅದಕ್ಕೆ ಜಾಗವೆಲ್ಲಿ? ಜೀಪಿನಲ್ಲಿರುವಂತೆ ಗೇರ್ ಪೆಟ್ಟಿಗೆಯ ಪಕ್ಕಕ್ಕೆ ಇನ್ನೊಂದು ಪೆಟ್ಟಿಗೆಯನ್ನು ಸೇರಿಸಿದರೆ ಭಾರವೂ ಹೆಚ್ಚು, ಕಾಲಿಡುವ ಜಾಗಕ್ಕೂ ಕುತ್ತು. ಔಡಿಯವರು ಗೇರ್ ಪೆಟ್ಟಿಗೆಯೊಳಗಿನ ದಂಡವೊಂದನ್ನು ಬಿದಿರಿನಂತೆ ಪೊಳ್ಳು ಮಾಡಿದರು. ಎಂಜಿನ್ನಿನ ಶಕ್ತಿ ಪೊಳ್ಳುದಂಡದಿಂದ ಹಿಂದಕ್ಕೆ ಸಾಗಿ ಮೂರನೆಯ ಡಿಫರೆನ್ಷಿಯಲ್ಲನ್ನು ಸೇರುತ್ತದೆ. ಅಲ್ಲಿ ಪಾಲಾಗಿ, ಒಂದು ಪಾಲು ಹಿಂದಿನ ಗಾಲಿಗಳಿಗೆ ಹೋಗುತ್ತದೆ, ಇನ್ನೊಂದು ಪಾಲು ಆ ಪೊಳ್ಳಿನೊಳಗೇ ತೂರಿಸಿದ ಸಣ್ಣ ದಂಡದ ಮೂಲಕ ಮುಂದಿನ ಗಾಲಿಗಳಿಗೆ ಮರಳಿ ಬರುತ್ತದೆ. 1980ರ ಮಾರ್ಚಿಯಲ್ಲಿ ಜಿನೀವಾದ ಪ್ರದರ್ಶನದಲ್ಲಿ ಕ್ವಾಟ್ರೊ ಎಂಬ ಹೆಸರಿನಿಂದ ಆ ಕಾರು ಕಾಣಿಸಿಕೊಂಡಿತು. ಬೆಲೆ ಮಾತ್ರ ಸಾಮಾನ್ಯ ಸಂಸಾರಸ್ಥನದಲ್ಲ. ಅವನ ಸರದಿ ಬಂದದ್ದು 1982ರ ಕೊನೆಗೆ, ಅದೇ ಯಂತ್ರಾಂಗವನ್ನು ಔಡಿ 80 ಸೆಡಾನಿಗೆ ಜೋಡಿಸಿದಾಗ.

ಸುಬಾರುವಿನವರು ಸದಾ ದುಡಿಯುವ ನಾಲ್ಕು ಗಾಲಿಗಳ ವ್ಯವಸ್ಥೆಯನ್ನು ಲಿಯೋನಿಗೆ ತಂದದ್ದು 1986ರಲ್ಲಿ. ಅಲ್ಲಿಯವರೆಗೆ, ಹದಿನಾಲ್ಕು ವರ್ಷಗಳ ಕಾಲ, ಮೊದಲ ಹಿಮ ಬಿದ್ದ ಬೆಳಗ್ಗೆ ಕೈಯನ್ನು ಆ ಹಿಡಿಯ ಮೇಲಿಡುವುದು ತೋಹೊಕುವಿನ ಲಿಯೋನ್ ಚಾಲಕರಿಗೆ ವರ್ಷವರ್ಷದ ರೂಢಿಯಾಗಿತ್ತು.