ಹೈಸ್ಕೂಲುಗಳನ್ನು ತೂಗುವ ಬಗೆ

ನಮ್ಮ ಕಾಸರಗೋಡು ಪ್ರಾಂತದಲ್ಲಿ ಮಕ್ಕಳು ಏಳನೆಯ ತರಗತಿ ಮುಗಿಸಿದೊಡನೆ ತಾಯ್ತಂದೆಗಳು ಕೇಳುವ ಪ್ರಶ್ನೆ, 'ಯಾವ ಹೈಸ್ಕೂಲು ಒಳ್ಳೆಯದು?' ಎಂಬುದು. ಅವರು ಹಿಡಿಯುವ ಅಳತೆಗೋಲು ಎಸ್.ಎಸ್.ಎಲ್.ಸಿ. ಫಲಿತಾಂಶ. ಆದರೆ 2023ರಲ್ಲಿ ಕೇರಳ ರಾಜ್ಯದ ಒಟ್ಟು ಫಲಿತಾಂಶವೇ ನೂರಕ್ಕೆ 99.70 ಆಗಿತ್ತು. ಬಹುಮಟ್ಟಿಗೆ ಎಲ್ಲರೂ ತೇರ್ಗಡೆಯಾಗುವಲ್ಲಿ ಆ ಅಂಕೆ ಶಾಲೆ ಶಾಲೆಗಳ ತಾರತಮ್ಯವನ್ನು ತಿಳಿಸಲಾರದು.

ಆದುದರಿಂದ ಸರಕಾರಿ ಹಾಗೂ ಅನುದಾನಿತ ಶಾಲೆಗಳನ್ನು ಹೋಲಿಸುವವರು ಮೂರು ವಿಷಯಗಳನ್ನು ವಿಚಾರಿಸತಕ್ಕದ್ದು.

ಮೊದಲನೆಯದು: ಎಂಟರಿಂದ ಹತ್ತರ ವರೆಗೆ ಕನ್ನಡ ವಿಭಾಗವು ಅವಿಚ್ಛಿನ್ನವಾಗಿ ಇದೆಯೇ? ಜೂನ್ ತಿಂಗಳಲ್ಲಿ ಆರನೆಯ ಕೆಲಸದ ದಿನದ ತಲೆಯೆಣಿಕೆಯಂತೆ ವಿಭಾಗಗಳೂ ಹುದ್ದೆಗಳೂ ನಿಶ್ಚಯವಾಗುತ್ತವೆ. ನಾಲ್ಕಾರು ಮಕ್ಕಳು ಬೇರೆಡೆಗೆ ಹೋದರೆ ಉಳಿದವರು ಅಧ್ಯಾಪಕರನ್ನೇ ಕಳೆದುಕೊಳ್ಳಬಹುದು.

ಎರಡನೆಯದು: ಗಣಿತ, ವಿಜ್ಞಾನ, ಸಮಾಜಪಾಠಗಳ ಅಧ್ಯಾಪಕರಿಗೆ ಕನ್ನಡ ಬರುತ್ತದೆಯೇ? ಕನ್ನಡ ಪಂಡಿತರೊಬ್ಬರಿದ್ದರೆ ಸಾಲದು. ಭಾಷೆಯರಿಯದವರು ಕಲಿಸುವಲ್ಲಿ ಮಕ್ಕಳು ಬಾಯಿಪಾಠಕ್ಕೆ ಇಳಿಯುತ್ತಾರೆ. ಸಂಶಯ ಕೇಳುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಮೂರನೆಯದು: ಶಾಲೆಗೆ ಸೇರಿದ ಮಕ್ಕಳು ಎಂಥವರು? ಮನೆಯಲ್ಲಿ ತುಳು, ಕೊಂಕಣಿ, ಮರಾಟಿ ಆಡುವ, ಓದಿನಲ್ಲಿ ಹಿಂದುಳಿದ ಮಗುವನ್ನು ಎಂಟರಲ್ಲಿ ಸೇರಿಸಿಕೊಂಡು, ಹತ್ತಕ್ಕೆ ಸ್ವಂತ ವಾಕ್ಯ ಬರೆಯುವಂತೆ ಮಾಡಿದ ಶಾಲೆಯು, ಜಾಣರನ್ನು ಆರಿಸಿಕೊಂಡು 'ಎ ಪ್ಲಸ್' ಎಣಿಸುವ ಶಾಲೆಗಿಂತ ಹೆಚ್ಚು ದುಡಿದಿದೆ.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಮಾತೃಭಾಷಾ ಶಿಕ್ಷಣದ ಮಾತನ್ನು ಪ್ರಾಥಮಿಕ ಹಂತದ ಮಟ್ಟಿಗೆ ಮಾತ್ರ ಹೇಳುತ್ತದೆ. ಹೈಸ್ಕೂಲಿನ ಮೂರು ವರ್ಷಗಳ ಕನ್ನಡವು ಬಹುಮಟ್ಟಿಗೆ ನಮ್ಮ ಹಾಜರಿ ಪುಸ್ತಕವನ್ನೇ ನೆಮ್ಮಿಕೊಂಡಿದೆ. ಇದನ್ನು ಅಧ್ಯಾಪಕ ಬಂಧುಗಳು ತಾಯ್ತಂದೆಗಳಿಗೆ ಮೇ ತಿಂಗಳಲ್ಲಿಯೇ ತಿಳಿಯಹೇಳುವುದು ಲೇಸು.